ಆಮೆಯ ಚಿಪ್ಪಿನ ಮೇಲೊಂದು ಚೌಕದ ಸೂರ್ಯ

ಗಾಜಿನ ಹಿಂದೆ ಕಾಣುತ್ತಿರುವುದು ಆಮೆಯ ಹೊಟ್ಟೆಯ ಕಡೆಯ ಚಿಪ್ಪು. ಅಂಗೈಗಿಂತ ತುಸು ದೊಡ್ಡದು, ಹಳೆಯ ದಂತದ ಬಣ್ಣ. ಕ್ಯಾಮೆರಾ ಹತ್ತಿರ ಒಯ್ಯುತ್ತೇನೆ, ನೋಡಿ: ಕೂದಲೆಳೆಯಂಥ ಬಿರುಕುಗಳು, ಪಕ್ಕದಲ್ಲಿ ಚಾಕುವಿನಿಂದ ಕೊರೆದ ಅಕ್ಷರಗಳು. ನಾನಿರುವುದು ಚೀನಾದ ಆನ್ಯಾಂಗ್‌ನಲ್ಲಿ. ಮೂರು ಸಾವಿರ ವರ್ಷಗಳ ಹಿಂದೆ ಇದು ಶಾಂಗ್ ಅರಸರ ರಾಜಧಾನಿ.

ಚಿಪ್ಪಿನ ಹಿಂಬದಿಗೆ ಗುಳಿ ತೋಡಿ ಕಾವು ತಾಗಿಸಿದರೆ ಮುಂಬದಿ ಚಟ್ಟೆಂದು ಬಿರಿಯುತ್ತಿತ್ತು. ಅರಸ ದೈವಕ್ಕೆ ಕೇಳಿದ ಪ್ರಶ್ನೆಗೆ ಆ ಬಿರುಕೇ ಉತ್ತರ. ಹಲ್ಲಿ ಲೊಚಗುಟ್ಟಿದರೆ ಅರ್ಥ ಹುಡುಕುವ ನಮಗೆ ಇದೇನೂ ವಿಚಿತ್ರವಲ್ಲ ಬಿಡಿ.

ಸೂರ್ಯನ ಅಕ್ಷರ ಕಂಡು ನನಗೆ ನಗು ಬಂತು. ಸೂರ್ಯ ಚೌಕವಾಗಿದ್ದಾನೆ! ಗಟ್ಟಿ ಎಲುಬಿನ ಮೇಲೆ ಚಾಕು ದುಂಡಗೆ ತಿರುಗುವುದಿಲ್ಲ. ಚಂದ್ರ ಮಾತ್ರ ಓರೆಯಾಗಿ ನಿಂತ ಬಿದಿಗೆಯ ಚಂದ್ರನೇ. ಅದೇ ಅಕ್ಷರಕ್ಕೆ ಮಾಸ ಎಂಬ ಅರ್ಥವೂ ಇದೆ. ನಮ್ಮ 'ತಿಂಗಳು' ಕೂಡ ಹಾಗೆಯೇ ಅಲ್ಲವೇ, ಚಂದ್ರನೂ ಹೌದು, ಮಾಸವೂ ಹೌದು.

ಕ್ರಿ.ಪೂ. 1200ರ ಆಸುಪಾಸಿನ ಅರಸ ವು ಡಿಂಗ್‌ನ ಕಾಲದ ಐದು ಚಂದ್ರಗ್ರಹಣಗಳು ಇಂಥ ಎಲುಬು, ಚಿಪ್ಪುಗಳಲ್ಲಿ ಉಳಿದಿವೆ. ಬರೆದದ್ದು ಇಷ್ಟೇ: ಚಂದ್ರನನ್ನು ತಿಂದಿತು. ತಿಂದದ್ದು ಯಾರು? ನಮ್ಮ ರಾಹುವಿನಂತೆ ಅಲ್ಲಿ ಯಾರ ಹೆಸರೂ ಇಲ್ಲ. ಆದರೆ ದಿನದ ಹೆಸರಿದೆ. ನಮ್ಮಲ್ಲಿ ಪ್ರಭವ, ವಿಭವ ಎಂದು ಅರವತ್ತು ಸಂವತ್ಸರಗಳು ಸುತ್ತಿದರೆ, ಅವರಲ್ಲಿ ಅರವತ್ತು ದಿನಗಳು ಸುತ್ತುತ್ತಿದ್ದವು. ಆ ಹೆಸರು ಹಿಡಿದು ಇಂದಿನ ಖಗೋಳಜ್ಞರು ಹಿಂದಕ್ಕೆ ಲೆಕ್ಕ ಹಾಕಿ ಅರಸನ ಕಾಲವನ್ನೇ ಗೊತ್ತುಮಾಡುತ್ತಾರೆ.

1899ರಲ್ಲಿ ವಾಂಗ್ ಯಿರಾಂಗ್ ಎಂಬ ವಿದ್ವಾಂಸ ಈ ಅಕ್ಷರಗಳನ್ನು ಗುರುತಿಸುವವರೆಗೆ ಈ ಎಲುಬು, ಚಿಪ್ಪುಗಳು ಔಷಧದ ಅಂಗಡಿಯ 'ಡ್ರ್ಯಾಗನ್ ಎಲುಬು'. ಕುಟ್ಟಿ ಪುಡಿ ಮಾಡಿ ಕುಡಿಯುತ್ತಿದ್ದರು. ಎಷ್ಟು ಗ್ರಹಣಗಳು ಕಷಾಯವಾಗಿ ಹೊಟ್ಟೆ ಸೇರಿದವೋ!

ಇನ್ನೊಂದು ಚಿಪ್ಪಿನ ಕಥೆ ನನಗೆ ತುಂಬಾ ಇಷ್ಟ. ಅದರಲ್ಲಿ 'ತಿನ್ನು', 'ಸೂರ್ಯ', 'ದೊಡ್ಡ', 'ನಕ್ಷತ್ರ' ಎಂಬ ಅಕ್ಷರಗಳು ಸಾಲಾಗಿವೆ. ಪೂರ್ಣ ಸೂರ್ಯಗ್ರಹಣ, ಹಗಲಲ್ಲೇ ನಕ್ಷತ್ರ ಕಂಡಿತು ಎಂದು ಮೊದಲು ಓದಿದರು. ಆಮೇಲೆ ಬೇರೆ ವಿದ್ವಾಂಸರು ತಕರಾರು ತೆಗೆದರು: 'ತಿನ್ನು' ಮತ್ತು 'ಸೂರ್ಯ' ಕೂಡಿದರೆ ಬೆಳಗಿನ ಊಟದ ಹೊತ್ತು, ನಕ್ಷತ್ರದ ಅಕ್ಷರಕ್ಕೆ ತಿಳಿಯಾದ ಬಾನು ಎಂಬ ಅರ್ಥವೂ ಇದೆ. ಅಂದರೆ, ಊಟದ ಹೊತ್ತಿಗೆ ಮೋಡ ಸರಿದು ಬಾನು ಚೆನ್ನಾಗಿ ತಿಳಿಯಾಯಿತು, ಅಷ್ಟೇ.

ಗ್ರಹಣ ಕೈತಪ್ಪಿದ್ದಕ್ಕೆ ನನಗೇನೂ ಬೇಸರವಿಲ್ಲ. ನನಗೂ ಇನ್ನೂ ತಿಂಡಿಯಾಗಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕುತ್ತೇನೆ.