ಮರಳ ಮೇಲೆ ಕೂತು ಕೇಳಿದ್ದು

ಕೇಳುಗರಿಗೆ ನಮಸ್ಕಾರ.

ಸಾಹಿತ್ಯದ ಕಾರ್ಯಕ್ರಮ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಒಂದು ಸಭಾಭವನ. ಮುಂದಿನ ಎರಡು ಸಾಲು ಗಣ್ಯರಿಗೆ ಮೀಸಲು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು, ಹಣ್ಣಿನ ಬುಟ್ಟಿ. ಇಷ್ಟೆಲ್ಲ ಮುಗಿದು ಬರೆದವರು ಬಾಯಿ ತೆರೆಯುವ ಹೊತ್ತಿಗೆ ಅರ್ಧ ಜನ ಊಟದ ಕಡೆ ನಡೆದಿರುತ್ತಾರೆ. ಹಂಗಿಸಲು ಹೇಳುತ್ತಿಲ್ಲ. ಆ ಊಟದ ಸಾಲಿನಲ್ಲಿ ನಾನೂ ನಿಂತವಳೇ. ಇವತ್ತು ಹೇಳಬೇಕೆಂದಿರುವುದು ಮಾತ್ರ ಗೋಡೆಯೇ ಇಲ್ಲದ ಒಂದು ಸಾಹಿತ್ಯದ ಹಬ್ಬದ ಬಗ್ಗೆ. ಅದು ನಡೆಯುವುದು ಕಲ್ಲಿಕೋಟೆಯಲ್ಲಿ, ಕಡಲ ದಂಡೆಯ ಮೇಲೇ.

ಕಲ್ಲಿಕೋಟೆ ಅಂದರೆ ಕೋಝಿಕ್ಕೋಡ್. ಅಲ್ಲಿ ಕೇರಳ ಲಿಟರೇಚರ್ ಫೆಸ್ಟಿವಲ್ ಶುರುವಾದದ್ದು 2016ರಲ್ಲಿ. ಡಿ.ಸಿ. ಕಿಳಕ್ಕೆಮುರಿ ಫೌಂಡೇಶನ್ ಇದನ್ನು ನಡೆಸುತ್ತದೆ. ಡಿ.ಸಿ. ಬುಕ್ಸ್ ಎಂಬ ದೊಡ್ಡ ಪ್ರಕಾಶನದ ಮನೆಯದೇ ಈ ಫೌಂಡೇಶನ್. ಕವಿ ಕೆ. ಸಚ್ಚಿದಾನಂದನ್ ಹಬ್ಬದ ನಿರ್ದೇಶಕರು. ಸಾಮಾನ್ಯವಾಗಿ ಜನವರಿಯಲ್ಲಿ ನಾಲ್ಕು ದಿನ. ಒಂದೇ ಹೊತ್ತಿಗೆ ಐದಾರು ವೇದಿಕೆಗಳಲ್ಲಿ ಮಾತು ನಡೆಯುತ್ತಿರುತ್ತದೆ. ಸುಮ್ನೆ ಕೂತು ಕೇಳುವವರಿಗೆ ಟಿಕೆಟ್ ಇಲ್ಲ.

ಮಂಗಳೂರಿನಿಂದ ಹೋಗುವವರಿಗೆ ಬೆಳಗಿನ ಜಾವದ ಪರಶುರಾಮ್ ಎಕ್ಸ್‌ಪ್ರೆಸ್ ಒಳ್ಳೆಯದು. ಸುಮಾರು ಇನ್ನೂರ ಇಪ್ಪತ್ತು ಕಿಲೋಮೀಟರ್ ದಾರಿ. ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ಹಬ್ಬ ರೈಲಿನಲ್ಲೇ ಶುರುವಾಗುತ್ತದೆ ಅನ್ನಬೇಕು. ನೇತ್ರಾವತಿ ದಾಟಿ ಸ್ವಲ್ಪ ಹೊತ್ತಿಗೆ ಮಂಜೇಶ್ವರ. ಅದು ಗೋವಿಂದ ಪೈಗಳ ಊರು. ಅವರ ಮನೆಯಂಗಳದಲ್ಲಿ ಈಗ ಗಿಳಿವಿಂಡು ಎಂಬ ಸ್ಮಾರಕ ಇದೆ. ಆಮೇಲೆ ಕಾಸರಗೋಡು, ಚಂದ್ರಗಿರಿ ಹೊಳೆ, ಕಣ್ಣೂರು, ತಲಶ್ಶೇರಿ. ತಲಶ್ಶೇರಿಯ ಇಲ್ಲಿಕ್ಕುನ್ನು ಗುಡ್ಡದಲ್ಲಿ ಹರ್ಮನ್ ಗುಂಡರ್ಟ್ ಇದ್ದರು. 1847ರಲ್ಲಿ ಮಲಯಾಳದ ಮೊದಲ ಪತ್ರಿಕೆ ಹೊರಟದ್ದು ಅವರ ಕೈಯಿಂದ. ನಮ್ಮ ಮಂಗಳೂರು ಸಮಾಚಾರ ಅದಕ್ಕೂ ಮುಂಚೆ, 1843ರಲ್ಲಿ, ಮೊಗ್ಲಿಂಗರ ಕೈಯಿಂದ ಹೊರಟಿತ್ತು. ಇಬ್ಬರೂ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಬಂತು, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಹೆಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ, ನಿಘಂಟು ಎಲ್ಲವೂ ಈ ಕರಾವಳಿಯುದ್ದಕ್ಕೂ ಒಂದೇ ಕೈಯಿಂದ ಹಬ್ಬಿದ್ದವು. ಜರ್ಮನಿಯ ದೊಡ್ಡ ಕಾದಂಬರಿಕಾರ ಹರ್ಮನ್ ಹೆಸ್ಸೆ ಇದೇ ಗುಂಡರ್ಟರ ಮಗಳ ಮಗ ಅಂತ ನೆನಪಾದರೆ ರೈಲು ತಲಶ್ಶೇರಿಯಲ್ಲಿ ನಿಲ್ಲುವ ಎರಡು ನಿಮಿಷಕ್ಕೂ ಒಂದು ತೂಕ ಬರುತ್ತದೆ.

ಇನ್ನೊಂದು ಸಂಗತಿ ನನಗೆ ಯಾವತ್ತೂ ಖುಷಿ ಕೊಡುವಂಥದ್ದು. 1889ರಲ್ಲಿ ಒ. ಚಂದುಮೇನನ್ ಇಂದುಲೇಖ ಎಂಬ ಮಲಯಾಳ ಕಾದಂಬರಿ ಬರೆದರು. ಆಗ ಅವರು ಕಲ್ಲಿಕೋಟೆಯ ದಕ್ಷಿಣಕ್ಕಿರುವ ಪರಪ್ಪನಂಗಾಡಿಯಲ್ಲಿ ಮುನ್ಸೀಫರಾಗಿದ್ದರು. ಸರಿಯಾಗಿ ಹತ್ತು ವರ್ಷ ಕಳೆದು, 1899ರಲ್ಲಿ, ಮಂಗಳೂರಿನಿಂದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಬಂತು. ಗುಲ್ವಾಡಿಯವರು ಪೊಲೀಸ್ ಇಲಾಖೆಯಲ್ಲಿದ್ದವರು. ಆಗ ಮಲಬಾರೂ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದ ಅಕ್ಕಪಕ್ಕದ ಜಿಲ್ಲೆಗಳು. ಒಬ್ಬರು ಕೋರ್ಟಿನವರು, ಒಬ್ಬರು ಪೊಲೀಸಿನವರು. ಇಬ್ಬರ ಕಥೆಯಲ್ಲೂ ಓದು ಕಲಿತ ಒಬ್ಬ ಹುಡುಗಿ. ಇಂದುಲೇಖ ತನಗೆ ಬೇಡದ ಶ್ರೀಮಂತನನ್ನು ಸಾಗಹಾಕುತ್ತಾಳೆ. ಇಂದಿರಾ ಚಿಕ್ಕ ವಯಸ್ಸಿಗೇ ವಿಧವೆಯಾದವಳು. ಓದಿ, ಮತ್ತೆ ಮದುವೆಯಾಗುತ್ತಾಳೆ. ಒಂದೇ ಕಡಲಿನ ಎರಡು ಊರುಗಳಲ್ಲಿ, ಹತ್ತು ವರ್ಷದ ಅಂತರದಲ್ಲಿ ಎರಡು ಭಾಷೆಗಳ ಕಾದಂಬರಿ ಹೆಣ್ಣುಮಕ್ಕಳ ಓದಿನಿಂದಲೇ ಕಣ್ಣು ಬಿಟ್ಟಿತು. ಇವತ್ತು ಈ ಎರಡು ಪುಸ್ತಕಗಳನ್ನು ಜೊತೆಗಿಟ್ಟು ಮಾತಾಡುವವರು ಎಷ್ಟು ಮಂದಿ?

ಕಲ್ಲಿಕೋಟೆ ಸ್ಟೇಷನ್ನಿನಿಂದ ಕಡಲಿಗೆ ಆಟೋದಲ್ಲಿ ಹತ್ತು ನಿಮಿಷವೂ ಬೇಡ. ದಂಡೆಯಲ್ಲಿ ಹಳೆಯ ಹಡಗುಕಟ್ಟೆಯ ಕಂಬಗಳ ಅವಶೇಷ ನೀರಿನಲ್ಲಿ ನಿಂತಿದೆ. ಕರಿಮೆಣಸು, ಮರ, ಹಂಚು ಇಲ್ಲಿಂದ ಹೋಗುತ್ತಿದ್ದ ಕಾಲದ್ದು. ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದ ಕಾಪ್ಪಾಡ್ ಇಲ್ಲಿಂದ ಸ್ವಲ್ಪ ಉತ್ತರಕ್ಕೆ. ಆ ಕಥೆ ಶಾಲೆಯ ಪುಸ್ತಕದಲ್ಲಿ ಸಾಕಷ್ಟು ಆಗಿದೆ, ಬಿಡಿ.

ಪೆಂಡಾಲುಗಳು ಮರಳಿನ ಮೇಲೇ. ತೂಲಿಕ, ಅಕ್ಷರಂ, ವಾಕ್ಕ್ ಅಂತೆಲ್ಲ ವೇದಿಕೆಗಳಿಗೆ ಹೆಸರು. ಕುರ್ಚಿ ತುಂಬಿದ ಮೇಲೆ ಜನ ಮರಳಲ್ಲೇ ಕೂರುತ್ತಾರೆ. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಅದರ ಮೇಲೆ ಪುಸ್ತಕದ ಚೀಲ. ಕಾಲೇಜಿನ ಹುಡುಗ ಹುಡುಗಿಯರು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಿರುತ್ತಾರೆ. ಅವರೇ ಇಲ್ಲಿನ ಕೈಕಾಲು. ದಾರಿ ಕೇಳಿದರೆ ತೋರಿಸುವುದಷ್ಟೇ ಅಲ್ಲ, ಆ ವೇದಿಕೆಯಲ್ಲಿ ಮಾತಾಡುವವರು ಚೆನ್ನಾಗಿ ಮಾತಾಡ್ತಾರೋ ಇಲ್ವೋ ಅನ್ನುವುದನ್ನೂ ಗುಟ್ಟಾಗಿ ಹೇಳುತ್ತಾರೆ.

ಒಂದು ಸಂಜೆ ಅನುವಾದದ ಬಗ್ಗೆ ಮಾತು ನಡೆಯುತ್ತಿತ್ತು. ದೊಡ್ಡ ಹೆಸರಿನವರು ಯಾರೂ ಇರಲಿಲ್ಲ, ಹಾಗಾಗಿ ಜಾಗ ಆರಾಮಾಗಿ ಸಿಕ್ಕಿತು. ನನ್ನ ಪಕ್ಕದಲ್ಲಿ ಒಬ್ಬ ಹಿರಿಯರು, ನಿವೃತ್ತ ಮೇಷ್ಟ್ರು. ಸುತ್ತಲಿನವರೆಲ್ಲ ಅವರನ್ನು ಮಾಷೇ, ಮಾಷೇ ಅನ್ನುತ್ತಿದ್ದರು. ಮಕ್ಕಳ ಗೆರೆ ನೋಟ್‌ಬುಕ್ಕಿನಲ್ಲಿ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದರು. ಹಿಂದೆ ಮೂರು ಜನ ಹೆಂಗಸರು, ಮಕ್ಕಳನ್ನು ಕರೆದುಕೊಂಡು ಸಂಜೆ ಗಾಳಿಗೆ ಬಂದವರು. ಮಕ್ಕಳು ಮರಳಲ್ಲಿ ಗುಂಡಿ ತೋಡುತ್ತಿದ್ದರು, ತಾಯಂದಿರು ಕೇಳುತ್ತಿದ್ದರು. ಅವರಾಚೆ ಲುಂಗಿ ಮೇಲೆತ್ತಿ ಕಟ್ಟಿದ ಒಬ್ಬ ಯುವಕ, ಒಂದು ಕೈಯಲ್ಲಿ ಉಪ್ಪು ನೀರಿನ ನೆಲ್ಲಿಕಾಯಿಯ ಪೊಟ್ಟಣ ಹಿಡಿದು ನಿಂತಿದ್ದ. ಪ್ರಶ್ನೆಯ ಹೊತ್ತು ಬಂದಾಗ ಮಾಷ್ ಎದ್ದರು. ಕನ್ನಡದ ಕಥೆ ಮಲಯಾಳಕ್ಕೆ ಬರುವಾಗ ನೇರ ಬರುತ್ತದೋ, ಇಂಗ್ಲಿಷ್ ಸುತ್ತಿ ಬರುತ್ತದೋ ಅಂತ ಕೇಳಿದರು. ವೇದಿಕೆಯವರು ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿದರು. ಎರಡೂ ಉಂಟು, ಆದರೆ ಎರಡನೆಯದೇ ಜಾಸ್ತಿಯಾಗುತ್ತಿದೆ ಅಂತ ಅವರಲ್ಲೊಬ್ಬರು ಹೇಳಿದರು. ಆ ಲುಂಗಿಯ ಯುವಕ ನೆಲ್ಲಿಕಾಯಿ ಮುಗಿಸಿ, ಕುರ್ಚಿ ಖಾಲಿಯಾದದ್ದು ನೋಡಿ ಬಂದು ಕೂತ. ಕೊನೆಯವರೆಗೂ ಎದ್ದು ಹೋಗಲಿಲ್ಲ.

ನನಗೆ ಅನಿಸುವುದು ಇಷ್ಟು. ಈ ಹಬ್ಬದ ಬಲ ಇರುವುದು ಬರುವ ದೊಡ್ಡವರಲ್ಲಿ ಅಲ್ಲ, ಅದು ನಡೆಯುವ ಜಾಗದಲ್ಲಿ. ಸಭಾಭವನಕ್ಕೆ ಹೋಗಲು ಒಂದು ಕಾರಣ ಬೇಕು. ಆಮಂತ್ರಣ ಬೇಕು, ಇಲ್ಲದಿದ್ದರೆ ಸ್ವಲ್ಪ ಧೈರ್ಯವಾದರೂ ಬೇಕು. ಸಾಹಿತ್ಯ ನಮ್ಮಂಥವರಿಗಲ್ಲ ಅಂದುಕೊಂಡವರು ಆ ಮೆಟ್ಟಿಲು ಹತ್ತುವುದಿಲ್ಲ. ಕಡಲ ದಂಡೆಗೆ ಬರಲು ಯಾವ ಕಾರಣವೂ ಬೇಡ. ಗಾಳಿ ತಿನ್ನಲು ಬಂದವರ ಕಿವಿಗೆ ಒಂದು ಕವಿತೆ ಬೀಳುತ್ತದೆ. ಹಿಡಿಸಿದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಮುಂದೆ ಹೋಗುತ್ತಾರೆ. ಯಾರೂ ಯಾರನ್ನೂ ಹಿಡಿದಿಡುವುದಿಲ್ಲ. ಬರೆದವರಿಗೂ ಇದು ಒಳ್ಳೆಯ ಪರೀಕ್ಷೆ, ಅಲ್ವಾ? ಸಭಾಭವನದಲ್ಲಿ ನಡುವೆ ಎದ್ದು ಹೋಗಲು ಜನ ನಾಚುತ್ತಾರೆ. ಇಲ್ಲಿ ನಾಚುವುದಿಲ್ಲ.

ಹಾಗಂತ ಎಲ್ಲವೂ ಬರೀ ಗಾಳಿಯಿಂದ ಆದದ್ದಲ್ಲ. ಕೇಳುವ ಜನ ಮೊದಲೇ ತಯಾರಾಗಿದ್ದರು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ ಗ್ರಂಥಾಲಯಗಳ ಸಂಘ ಕಟ್ಟಿ ಹಳ್ಳಿಹಳ್ಳಿಗೆ ಓದಿನ ಮನೆ ತಂದರು. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನ. ಮಾತೃಭೂಮಿ ಪತ್ರಿಕೆ 1923ರಲ್ಲಿ ಹುಟ್ಟಿದ್ದು ಕಲ್ಲಿಕೋಟೆಯಲ್ಲೇ. ಈ ಊರಲ್ಲಿ ಐನೂರಕ್ಕೂ ಜಾಸ್ತಿ ಗ್ರಂಥಾಲಯಗಳು, ಎಪ್ಪತ್ತಕ್ಕೂ ಮೇಲೆ ಪ್ರಕಾಶಕರು. 2023ರಲ್ಲಿ ಯುನೆಸ್ಕೋ ಕಲ್ಲಿಕೋಟೆಯನ್ನು ಸಾಹಿತ್ಯ ನಗರ ಅಂತ ಗುರುತಿಸಿತು. ಭಾರತದಲ್ಲಿ ಆ ಹೆಸರು ಮೊದಲು ಸಿಕ್ಕಿದ್ದು ಈ ಊರಿಗೇ.

ವೇದಿಕೆಯಲ್ಲಿ ಖಾರದ ಮಾತಿಗೂ ಜಾಗ ಉಂಟು. 2024ರ ಜನವರಿಯಲ್ಲಿ ಉದ್ಘಾಟನೆಯ ದಿನ ಮಲಯಾಳದ ಹಿರಿಯ ಕಾದಂಬರಿಕಾರ ಎಂ.ಟಿ. ವಾಸುದೇವನ್ ನಾಯರ್ ಮಾತಾಡಿದರು. ಆಗ ಅವರಿಗೆ ತೊಂಬತ್ತು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅದೇ ವೇದಿಕೆಯಲ್ಲಿದ್ದರು. ಎಂ.ಟಿ. ಅಧಿಕಾರದ ಬಗ್ಗೆ, ನಾಯಕರನ್ನು ಪೂಜಿಸುವ ಚಾಳಿಯ ಬಗ್ಗೆ ಮಾತಾಡಿ, ಆ ಪೂಜೆಯಿಂದ ದೂರ ನಿಂತವರು ಅಂತ ಕೇರಳದ ಮೊದಲ ಮುಖ್ಯಮಂತ್ರಿ ಇಎಂಎಸ್ ಅವರನ್ನು ನೆನೆದರು. ಅದು ಎಂ.ಟಿ. ಹಿಂದೆಯೇ ಬರೆದ ಲೇಖನ ಅಂತ ಆಮೇಲೆ ಗೊತ್ತಾಯಿತು. ಆದರೂ ಎಷ್ಟೋ ದಿನ ಕೇರಳದಲ್ಲಿ ಅದೇ ಮಾತು. ಅದೇ ವರ್ಷ ಡಿಸೆಂಬರ್ 25ರಂದು ಅವರು ಕಲ್ಲಿಕೋಟೆಯಲ್ಲೇ ತೀರಿಕೊಂಡರು.

ಕೊರತೆಗಳನ್ನೂ ಹೇಳಬೇಕು. ವೇದಿಕೆಗಳು ಹತ್ತಿರ ಹತ್ತಿರ ಇರುವುದರಿಂದ ಪಕ್ಕದ ಚಪ್ಪಾಳೆ ಇಲ್ಲಿನ ಕವಿತೆಯ ಮೇಲೆ ಬೀಳುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಪೆಂಡಾಲಿನೊಳಗೆ ಬೆವರು ಸುರಿಯುತ್ತದೆ. ಸಿನಿಮಾ ನಟರೋ ಟಿವಿಯವರೋ ಬಂದರೆ ಇಡೀ ಜನ ಅತ್ತ ವಾಲುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಒಳ್ಳೆಯ ಕವಿಯೊಬ್ಬರು ಇಪ್ಪತ್ತು ಜನರಿಗೆ ಓದುತ್ತಿರುತ್ತಾರೆ. ನೀವು ಹೋಗುವುದಾದರೆ ನನ್ನ ಸಲಹೆ, ಆ ಇಪ್ಪತ್ತು ಜನರಲ್ಲಿ ಒಬ್ಬರಾಗಿ. ದೊಡ್ಡವರ ಮಾತು ಹೇಗೂ ಯೂಟ್ಯೂಬಿನಲ್ಲಿ ಸಿಗುತ್ತದೆ. ದಿನಕ್ಕೆ ಮೂರು ಮಾತುಕತೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ನಾಲ್ಕನೆಯದಕ್ಕೆ ಕಿವಿ ಕೇಳಿದರೂ ತಲೆಗೆ ಹೋಗುವುದಿಲ್ಲ. ಮಲಯಾಳ ಬರದಿದ್ದರೆ ಹೆದರಬೇಡಿ. ಇಂಗ್ಲಿಷಿನ ಮಾತುಕತೆಗಳೂ ಬೇಕಾದಷ್ಟಿವೆ. ನಮ್ಮ ಕಿವಿಗೆ ಮಲಯಾಳ ಒಂದು ಗಂಟೆಯಲ್ಲಿ ಪಳಗುತ್ತದೆ, ಕವಿತೆಯಾದರೆ ಅರ್ಧ ಗಂಟೆ ಸಾಕು.

ಉಳಿದ ಹೊತ್ತು ಊರು ಸುತ್ತಿ. ಮಿಠಾಯಿ ತೆರುವಿನ ಬಾಯಲ್ಲಿ ಎಸ್.ಕೆ. ಪೊಟ್ಟೆಕ್ಕಾಟರ ಪ್ರತಿಮೆ ಇದೆ. ಅದೇ ಬೀದಿಯ ಜನರನ್ನು ಅವರು ಕಾದಂಬರಿಗೆ ತಂದವರು, 1980ರ ಜ್ಞಾನಪೀಠ ಪಡೆದವರು. ಈಗ ಅವರ ಕಣ್ಣೆದುರೇ ಹಲ್ವಾದ ಅಂಗಡಿಗಳು, ಕೆಂಪು, ಹಸಿರು, ಕಪ್ಪು ಬಣ್ಣದ ಇಟ್ಟಿಗೆಗಳಂತೆ ಪೇರಿಸಿಟ್ಟ ಹಲ್ವಾ. ಅಂಗಡಿಯವರು ತೆಳ್ಳಗೆ ಒಂದು ಚೂರು ಕೊಯ್ದು ರುಚಿಗೆ ಕೊಡುತ್ತಾರೆ. ಬೇಪೂರ್ ಕಡೆ ಹೋದರೆ ಮರದ ದೊಡ್ಡ ಹಡಗು ಕಟ್ಟುವ ಕೆಲಸ ನೋಡಬಹುದು. ಮಲಯಾಳದ ಕಥೆಗಾರ ವೈಕಂ ಮಹಮ್ಮದ್ ಬಷೀರರು 1994ರಲ್ಲಿ ತೀರಿಕೊಳ್ಳುವವರೆಗೆ ಇದ್ದದ್ದು ಅಲ್ಲೇ. ಅಂಗಳದ ಮ್ಯಾಂಗೋಸ್ಟೀನ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಬಂದವರ ಹತ್ತಿರ ಹರಟೆ ಹೊಡೆಯುತ್ತಿದ್ದರು. ವಾಪಸ್ಸು ಬಂದು ದಂಡೆಯಲ್ಲಿ ಒಂದು ಸುಲೈಮಾನಿ ಕುಡಿದರೆ, ಅಂದರೆ ನಿಂಬೆ ಹಿಂಡಿದ ಕಪ್ಪು ಚಹಾ, ಸಂಜೆಯ ವೇದಿಕೆಗೆ ಮತ್ತೆ ಚೈತನ್ಯ.

ಇಷ್ಟೆಲ್ಲ ನೋಡಿ ಬಂದ ಮೇಲೆ ಒಂದು ಹೊಟ್ಟೆಕಿಚ್ಚು ಉಳಿಯುತ್ತದೆ, ಸುಳ್ಳು ಹೇಳಬಾರದು. ನಮಗೇನು ಕಡಲು ಕಮ್ಮಿಯೇ? ಉಳ್ಳಾಲದಿಂದ ಕಾರವಾರದವರೆಗೆ ದಂಡೆಯೋ ದಂಡೆ. ಬರೆದವರೂ ಕಮ್ಮಿಯಿಲ್ಲ. ಕೋಟದ ಶಿವರಾಮ ಕಾರಂತರು, ಹನೇಹಳ್ಳಿಯ ಯಶವಂತ ಚಿತ್ತಾಲರು, ಅಂಕೋಲೆಯ ದಿನಕರ ದೇಸಾಯಿಯವರು, ಗೋಕರ್ಣದ ಜಯಂತ ಕಾಯ್ಕಿಣಿ. ಕಾರವಾರದ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರೇ ಇದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ಹರೆಯದಲ್ಲಿ ಬಂದು ಉಳಿದು, ಒಂದು ನಾಟಕವನ್ನೂ ಬರೆದರು. ಅದೇ ದಂಡೆಯಲ್ಲಿ ಕರಾವಳಿ ಉತ್ಸವ ನಡೆಯುತ್ತದೆ, ಹಾಡು ಕುಣಿತಕ್ಕೆ ಜನಸಾಗರ ಸೇರುತ್ತದೆ. ಪುಸ್ತಕಕ್ಕೂ ಅಲ್ಲಿ ನಾಲ್ಕು ಸಂಜೆ ಕೊಡಬಹುದು. ಮೊದಲ ದಿನದ ಮಾತುಕತೆಗೆ ಇಂದುಲೇಖ, ಇಂದಿರಾಬಾಯಿ ಇಬ್ಬರನ್ನೂ ಒಂದೇ ವೇದಿಕೆಗೆ ತಂದು ಕೂರಿಸೋಣ. ತಲಶ್ಶೇರಿಯಿಂದ ಒಬ್ಬರು ಬರಲಿ, ಮಂಗಳೂರಿನಿಂದ ಒಬ್ಬರು. ಇಂಗ್ಲಿಷ್ ಸುತ್ತದೆ ನೇರ ಅನುವಾದ ಮಾಡುವವರನ್ನು ಎರಡನೆಯ ದಿನ ಕರೆಯೋಣ.

ಖರ್ಚು ಭಾರೀ ಏನೂ ಇಲ್ಲ. ಎರಡು ಪೆಂಡಾಲು, ಕಿರುಚದ ಮೈಕು, ಹೆಂಗಸರಿಗೆ ಸರಿಯಾದ ಶೌಚಾಲಯ, ಪುಸ್ತಕದಂಗಡಿಯವರಿಗೆ ಮಧ್ಯಾಹ್ನ ನೆರಳು. ಡಿಸೆಂಬರಿನಲ್ಲಿ ಇಟ್ಟರೆ ಮಳೆಯ ಕಾಟವಿಲ್ಲ, ಕೊಂಕಣ ರೈಲಿನಲ್ಲಿ ಎರಡೂ ಕಡೆಯಿಂದ ಜನ ಬರಬಹುದು. ಶುರು ಮಾಡುವವರು ಯಾರಾದರೂ ಇದ್ದರೆ ಕುರ್ಚಿ ಹಾಕಲು ನಾನು ಒಂದು ದಿನ ಮುಂಚೆಯೇ ಬರುತ್ತೇನೆ.

ನಮಸ್ಕಾರ.