ಹೂಳೆತ್ತುವ ಮೊದಲು ಕಾಲುವೆ ಹುಡುಕಿ

ಎಲ್ಲರಿಗೂ ನಮಸ್ಕಾರ.

ಈ ಸಭೆಗೆ ಬರುವ ದಾರಿಯಲ್ಲಿ ಮೂರು ಕೆರೆ ದಾಟಿ ಬಂದೆ. ಮೂರರಲ್ಲೂ ಜೆಸಿಬಿ ಓಡಾಡಿದ ಗುರುತಿತ್ತು. ಒಂದರ ನಡುವೆಯಂತೂ ಮನೆ ಮುಳುಗುವಷ್ಟು ಆಳದ ಗುಂಡಿ. ಹೋದ ಮಳೆಗಾಲದಲ್ಲಿ ನೀರು ಬಂತಾ ಎಂದು ಅಲ್ಲೇ ಕುರಿ ಮೇಯಿಸುತ್ತಿದ್ದವರನ್ನು ಕೇಳಿದೆ. "ಮಳೆ ಬಂತು ಸಾರ್, ಕೆರೆಗೆ ಬರ್ಲಿಲ್ಲ" ಅಂದರು. ನಾನು ಇವತ್ತು ಮಾತಾಡುವುದು ಅದರ ಬಗ್ಗೆಯೇ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಳ್ಳಕೆರೆ ಇರುವ ನಮ್ಮ ಬಯಲುಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಆಸುಪಾಸಿನಲ್ಲೇ ಹುಟ್ಟಿದರೂ ಮಳೆ ಬಿದ್ದಾಗ ಮಾತ್ರ ಕಾಣಿಸುತ್ತವೆ. ವೇದಾವತಿಗೆ ಅಡ್ಡ ಕಟ್ಟಿದ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ.

ಹಾಗಂತ ನಮಗೆ ಮಳೆಯೇ ಇಲ್ಲವೆನ್ನಲು ನಾನು ಒಪ್ಪುವುದಿಲ್ಲ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೂ ಒಂದು ಎಕರೆಗೆ 20 ಲಕ್ಷ ಲೀಟರ್ ಆಯಿತು. ಆದರೆ ಅದು ಕೆಲವೇ ದಿನಗಳಲ್ಲಿ ಸುರಿದು ಹರಿದುಹೋಗುತ್ತದೆ. ಅದನ್ನು ಅಲ್ಲಲ್ಲೇ ತಡೆದು ನಿಲ್ಲಿಸಲು ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮ ಪಕ್ಕದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಅರಸು ಬುಕ್ಕರಾಯನ ಮಗ ಭಾಸ್ಕರ ಹಾಕಿಸಿದ್ದು. ಅವನು ಅಲ್ಲಿ ಕಟ್ಟಿಸಿದ ಕೆರೆಗೆ ಸಾವಿರ ಕೂಲಿಯಾಳು, ನೂರು ಗಾಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ 12 ಅಂಗ ಯಾವುವು, ಕೆರೆಗೆ ಬರುವ 6 ದೋಷ ಯಾವುವು ಎಂದು ಕಲ್ಲಿನಲ್ಲೇ ಬರೆದಿದ್ದಾರೆ. ನೀರು ಕಡಿಮೆ ಇದ್ದು ಉಣಿಸಬೇಕಾದ ಜಮೀನು ಹೆಚ್ಚಿರುವುದೂ ಆ ದೋಷಗಳಲ್ಲಿ ಒಂದು. 650 ವರ್ಷದ ಹಿಂದೆಯೇ ಅವರಿಗೆ ಗೊತ್ತಿತ್ತು. ಈಗ ನಾವು ಅದನ್ನು ಊರೂರಲ್ಲೂ ಮಾಡಿಟ್ಟಿದ್ದೇವೆ.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಲೆಕ್ಕ ಇಟ್ಟವರು ಏರಿಯಿಂದ ಕೆರೆಯಂಗಳದವರೆಗೆ ಅಳೆದರು. ಅಂಗಳಕ್ಕೆ ನೀರು ತರುತ್ತಿದ್ದ ಕಾಲುವೆ, ಹಳ್ಳ, ಕೊರಕಲುಗಳನ್ನು ಯಾರು ಅಳೆದರು? ಕಾಲುವೆ ಸಣ್ಣದು, ವರ್ಷದಲ್ಲಿ ಹತ್ತು ತಿಂಗಳು ಒಣಗಿರುತ್ತದೆ, ಹಾಗಾಗಿ ಉಳುವವರಿಗೆ ಅದು ಪಾಳುನೆಲದಂತೆ ಕಾಣುತ್ತದೆ. ಒಬ್ಬರು ಬದು ಒಂದು ಮಾರು ಮುಂದೆ ಹಾಕುತ್ತಾರೆ, ಇನ್ನೊಬ್ಬರು ಲೇಔಟ್ ಮಾಡುತ್ತಾರೆ, ರಸ್ತೆ ಎತ್ತರಿಸುವವರು ಮೋರಿ ಇಡುವುದನ್ನು ಮರೆಯುತ್ತಾರೆ. ಮೇಲಿನ ಗೋಮಾಳದಲ್ಲಿ ನೀಲಗಿರಿ ಬೆಳೆಯುತ್ತದೆ. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ 2017ರಲ್ಲಿ ಆದೇಶ ಮಾಡಿತು, ಆದರೆ ಮೊದಲೇ ನೆಟ್ಟದ್ದು ಕಡಿದಷ್ಟೂ ಚಿಗುರುತ್ತದೆ. ಇಷ್ಟಾದ ಮೇಲೆ ಅಂಗಳವನ್ನು ಇಪ್ಪತ್ತು ಅಡಿ ತೋಡಿದರೆ ಏನು ಬಂತು?

ಹೂಳೆತ್ತುವುದು ಬೇಡವೆಂದು ನಾನು ಹೇಳುತ್ತಿಲ್ಲ. ನುಣ್ಣನೆಯ ಹೂಳು ತಳವನ್ನು ಮೆತ್ತಿಕೊಂಡು ನೀರು ಇಂಗದಂತೆ ಮಾಡುತ್ತದೆ. ಅದನ್ನು ತೆಗೆದು ಹೊಲಕ್ಕೆ ಹೊಡೆದರೆ ಹೊಲಕ್ಕೂ ಒಳ್ಳೆಯದು, ಸುತ್ತಲಿನ ಬಾವಿಗೂ ಒಳ್ಳೆಯದು. ಆದರೆ ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿಯ ನೀರು ತೂಬಿನಿಂದ ಗದ್ದೆಗೆ ಹರಿಯುವುದಿಲ್ಲ. ಹಳಬರ ಕಾಲದಲ್ಲಿ ಈ ಮಟ್ಟವೆಲ್ಲ ನೀರುಗಂಟಿಯ ಕಣ್ಣಲ್ಲೇ ಇರುತ್ತಿತ್ತು. ಯಾವಾಗ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಈ ವರ್ಷ ಭತ್ತವೋ ರಾಗಿಯೋ, ಎಲ್ಲವೂ ಅವನ ಬಾಯಲ್ಲಿ. ಕೋಲಾರದ ಕಡೆ ಈ ಕೆಲಸ ಬಹುತೇಕ ದಲಿತ ಕುಟುಂಬಗಳ ಹೆಗಲ ಮೇಲೆ ವಂಶಪಾರಂಪರ್ಯವಾಗಿ ಬಿದ್ದಿತ್ತು. ಪ್ರತಿಫಲವೆಂದರೆ ಕಣದಲ್ಲಿ ಸಿಗುವ ಒಂದಿಷ್ಟು ಧಾನ್ಯ. ಆ ಜಾತಿಯ ಕಟ್ಟು ಮತ್ತೆ ಬರುವುದು ಬೇಡ. ಆದರೆ ಆ ತಿಳಿವಳಿಕೆ ನಮಗೆ ಬೇಕು. ಗ್ರಾಮ ಪಂಚಾಯಿತಿ ಸಂಬಳ ಕೊಟ್ಟು, ಕಲಿಯುವ ಮನಸ್ಸಿರುವ ಯಾರನ್ನಾದರೂ ನೀರುಗಂಟಿಯಾಗಿ ನೇಮಿಸಲಿ ಎಂದು ನಾನು ಹೋದಲ್ಲೆಲ್ಲ ಕೇಳುತ್ತಿದ್ದೇನೆ, ಇಲ್ಲೂ ಕೇಳುತ್ತೇನೆ.

ನೀರುಗಂಟಿ ಹೋದ ಜಾಗಕ್ಕೆ ಬಂದದ್ದು ಕೊಳವೆಬಾವಿ. ನಮ್ಮ ನೆಲದಡಿ ಗಟ್ಟಿ ಬಂಡೆ. ಮೇಲಿನ ಸಡಿಲ ಪದರ ಬತ್ತಿದರೆ ಉಳಿಯುವುದು ಬಿರುಕುಗಳ ನೀರು ಮಾತ್ರ. ಸಾವಿರ ಅಡಿ ದಾಟಿ ಕೊರೆಸಿದವರು ಇಲ್ಲಿಯೇ ಎಷ್ಟು ಜನ ಇದ್ದೀರೋ! ಆ ಆಳದ ನೀರು ಬಂಡೆಯ ಜೊತೆ ಬಹುಕಾಲ ಕೂತದ್ದು, ಫ್ಲೋರೈಡ್ ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ಊರುಗಳ ಮಕ್ಕಳ ಹಲ್ಲು ನೋಡಿದ್ದೇನೆ, ನೋಡಿದ ಮೇಲೆ ಸುಮ್ಮನಿರಲು ಆಗುವುದಿಲ್ಲ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಆಗಲಿ ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಒಂದನ್ನು ಗಮನಿಸಿ: ಆ ನೀರೂ ಒಂದು ಕೆರೆ ತುಂಬಿಸಿ, ಕೋಡಿ ಹರಿದು, ಮುಂದಿನ ಕೆರೆಗೆ ಹೋಗುವುದು ಅದೇ ಹಳೆಯ ದಾರಿಯಲ್ಲೇ.

ನಿಮ್ಮೂರಿನ ಗ್ರಾಮನಕ್ಷೆ ತಂದಿದ್ದೇನೆ, ಮೇಜಿನ ಮೇಲಿದೆ. ಕೆರೆಗೆ ಬಂದು ಸೇರುವ ಹಳ್ಳದ ಗೆರೆಗಳು ಅದರಲ್ಲಿ ಎರಡಿವೆ. ಬೆಳಿಗ್ಗೆ ನಡೆದು ನೋಡಿದಾಗ ಒಂದು ಸಿಕ್ಕಿತು. ಇನ್ನೊಂದು ಯಾರ ಹೊಲದ ಪಕ್ಕ ಹರಿಯುತ್ತಿತ್ತೆಂದು ಮುಂದೆ ಕೂತಿರುವ ಹಿರಿಯರಿಗೆ ಗೊತ್ತಿರಬೇಕು. ದಯವಿಟ್ಟು ಬಂದು ತೋರಿಸಿ.