ಒಂದು ಟ್ಯಾಂಕರ್ ನೀರು, ಒಂದು ಬೇಸಿಗೆ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಕೋಲಾರದ ಬಡಾವಣೆಗಳಲ್ಲಿ ಈಗ ಅಲ್ಲಲ್ಲಿ ಒಂದು ನೀಲಿ ತೊಟ್ಟಿ ಕಾಣಿಸುತ್ತದೆ. ಕಬ್ಬಿಣದ ಪೈಪಿನ ಚೌಕಟ್ಟು, ದಪ್ಪ ಪ್ಲಾಸ್ಟಿಕ್ ಹಾಳೆ, ಪಕ್ಕದಲ್ಲಿ ಪುಟ್ಟ ಪಂಪು. ಆನ್‌ಲೈನ್‌ನಲ್ಲಿ ತರಿಸಿ, ಅಂಗಳದಲ್ಲಿ ನಿಲ್ಲಿಸಿ, ಟ್ಯಾಂಕರ್ ಕರೆಸಿ ತುಂಬಿಸಿದರೆ ಮಕ್ಕಳಿಗೆ ಈಜುಕೊಳ ರೆಡಿ. ಕೆಲವೇ ದಿನಕ್ಕೆ ನೀರು ಹಸಿರಾಗುತ್ತದೆ. ಅದನ್ನು ಮೋರಿಗೆ ಬಿಟ್ಟು ಮತ್ತೆ ಟ್ಯಾಂಕರ್‌ಗೆ ಫೋನ್ ಮಾಡುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿಗೂ ಜಾಸ್ತಿ ಕೊರೆದು ಮೇಲೆತ್ತಿದ ನೀರನ್ನು ಹೀಗೆ ಚೆಲ್ಲಬಹುದೇ? ಅದೇ ನೀರನ್ನು ಇಡೀ ಬೇಸಿಗೆ ಇಟ್ಟುಕೊಳ್ಳಲು ಬರುತ್ತದೆ. ಸ್ವಲ್ಪ ಕೆಮಿಸ್ಟ್ರಿ ಗೊತ್ತಿದ್ದರೆ ಸಾಕು.

ಮೊದಲು ನಿಮ್ಮ ತೊಟ್ಟಿ ಎಷ್ಟು ಲೀಟರಿನದು ಅಂತ ತಿಳಿದುಕೊಳ್ಳಿ. 10 ಅಡಿ ಅಗಲದ ದುಂಡನೆಯ ತೊಟ್ಟಿಯಲ್ಲಿ 2 ಅಡಿ ನೀರು ನಿಂತರೆ ಸುಮಾರು 4,400 ಲೀಟರ್ ಆಗುತ್ತದೆ. ಅಂದರೆ ನಾಲ್ಕು ಟನ್ ದಾಟಿದ ತೂಕ. ಇದನ್ನು ತಾರಸಿ ಮೇಲೆ ಇಡುವ ಆಸೆ ಇದ್ದರೆ ಬಿಟ್ಟುಬಿಡಿ. ಮಾಮೂಲಿ ಮನೆಯ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಭಾರ ಲೆಕ್ಕಹಾಕಿ ಕಟ್ಟುತ್ತಾರೆ. 2 ಅಡಿ ನೀರು ಅಷ್ಟೇ ಜಾಗದ ಮೇಲೆ 600 ಕಿಲೋ ಕೂರುತ್ತದೆ.

ಇನ್ನು ನೀರಿನ ವಿಷಯ. ಹಸಿರಾಯಿತು ಅಂದ ತಕ್ಷಣ ಎಲ್ಲರೂ ಕ್ಲೋರಿನ್ ಸುರಿಯುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ. ಅದು 7.2ರಿಂದ 7.8ರ ನಡುವೆ ಇರಬೇಕು. ಯಾಕೆಂದರೆ, ನೀರಿಗೆ ಹಾಕಿದ ಕ್ಲೋರಿನ್ ಎರಡು ರೂಪದಲ್ಲಿ ಇರುತ್ತದೆ. ಒಂದು ಚುರುಕಾಗಿ ರೋಗಾಣು ಕೊಲ್ಲುತ್ತದೆ, ಇನ್ನೊಂದು ಬಲು ಸೋಮಾರಿ. ಪಿಎಚ್ 7.5 ಇದ್ದಾಗ ಎರಡೂ ಹೆಚ್ಚುಕಡಿಮೆ ಅರ್ಧರ್ಧ. ಪಿಎಚ್ 8 ಆದರೆ ಚುರುಕಿನದು ಕಾಲು ಭಾಗಕ್ಕೆ ಇಳಿಯುತ್ತದೆ. 8.5ಕ್ಕೆ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅಂಥ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ದುಡ್ಡು ದಂಡ.

ನಮ್ಮ ಬೋರ್‌ವೆಲ್ ನೀರಿನ ಸ್ವಭಾವವೇ ಪಿಎಚ್ ಏರಿಸುವಂಥದ್ದು. ಆಳದಲ್ಲಿದ್ದಾಗ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಮೇಲೆ ಬಂದು ಗಾಳಿಗೆ ಸಿಕ್ಕಾಗ ಆ ಅನಿಲ ಹಾರಿಹೋಗುತ್ತದೆ, ಪಿಎಚ್ ಮೇಲಕ್ಕೆ ಹೋಗುತ್ತದೆ. ಕರಗಿದ್ದ ಸುಣ್ಣ ಬಿಟ್ಟುಕೊಳ್ಳುತ್ತದೆ. ಗೀಜರ್ ಕಾಯಿಲ್ ಮೇಲೆ, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದಲ್ಲ, ಅದೇ. ಬಿಸಿಲಿಗೆ ನೀರು ಆವಿಯಾದಾಗ ಸುಣ್ಣ ಮಾತ್ರ ತೊಟ್ಟಿಯಲ್ಲೇ ಉಳಿಯುತ್ತದೆ. ಕಡಿಮೆಯಾದ ನೀರಿಗೆ ಮತ್ತೆ ಬೋರ್ ನೀರು ಬಿಟ್ಟರೆ ಸುಣ್ಣ ಇನ್ನೂ ಸೇರುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಮಳೆ ಬಿದ್ದರೆ ತಾರಸಿ ನೀರು ಹಿಡಿದಿಟ್ಟುಕೊಳ್ಳಿ. ಮೊದಲ ಮಳೆಯ ಕೊಳೆ ಹರಿದುಹೋಗಲಿ. ಆಮೇಲೆ ಬರುವುದು ಮೆದು ನೀರು, ಸೋಸಿ ತುಂಬಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಕೆರೆ ನೀರು ಮಾತ್ರ ಬೇಡ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದು ಅಂತರ್ಜಲ ಹೆಚ್ಚಿಸಲು, ಮಕ್ಕಳು ಮುಳುಗೇಳಲು ಅಲ್ಲ.

ಪಿಎಚ್ ಇಳಿಸಲು ಈಜುಕೊಳಕ್ಕೆಂದೇ ಮಾರುವ ಆಸಿಡ್ ಪುಡಿ ಸಿಗುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಬಾಟಲಿಗೆ ಕೈ ಹಾಕಬೇಡಿ. ಒಂದು ಬಕೆಟ್ ನೀರು ತೆಗೆದುಕೊಂಡು, ಆ ನೀರಿಗೆ ಪುಡಿ ಹಾಕಿ. ಪುಡಿಯ ಮೇಲೆ ನೀರು ಸುರಿಯಬಾರದು. ಪಂಪು ಓಡುತ್ತಿರುವಾಗ ಸ್ವಲ್ಪಸ್ವಲ್ಪವೇ ಬೆರೆಸಿ, ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಳೆಯಲು ಬಣ್ಣ ಬದಲಿಸುವ ಪಟ್ಟಿಗಳು ಸಾಕು. ಮೊಣಕೈ ಆಳದಿಂದ ನೀರು ತೆಗೆಯಿರಿ, ಮೇಲಿನ ಪದರದ ನೀರು ಸುಳ್ಳು ಹೇಳುತ್ತದೆ. ಅದೇ ಪಟ್ಟಿಯಲ್ಲಿ ಆಲ್ಕಲಿನಿಟಿ, ಅಂದರೆ ಪಿಎಚ್ ಏರಿಳಿತ ತಡೆಯುವ ನೀರಿನ ಶಕ್ತಿಯ ಅಳತೆಯೂ ಇರುತ್ತದೆ. ಅದು 80ರಿಂದ 120 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ, ಇದ್ದರೆ ಪಿಎಚ್ ಅತ್ತಿತ್ತ ಕುಣಿಯುವುದಿಲ್ಲ. ಕಡಿಮೆ ಇದ್ದರೆ ಅಡುಗೆ ಸೋಡಾ ಹಾಕಬೇಕು. ನಮ್ಮ ಕಡೆ ಆ ಕಷ್ಟ ಬರುವುದು ಅಪರೂಪ.

ಆಮೇಲೆ ಕ್ಲೋರಿನ್. 1ರಿಂದ 3 ಪಿಪಿಎಂ ಸದಾ ಇರಬೇಕು. ಊರೆಲ್ಲ ಬಳಸುವುದು ಬ್ಲೀಚಿಂಗ್ ಪೌಡರ್. ಅಗ್ಗ, ನಿಜ. ಆದರೆ ಅದೂ ಸುಣ್ಣದಿಂದ ಮಾಡಿದ್ದೇ, ನಮ್ಮ ಗಡಸು ನೀರಿಗೆ ಬಿದ್ದರೆ ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ನನ್ನ ಆಯ್ಕೆ ಸೋಡಿಯಂ ಹೈಪೋಕ್ಲೋರೈಟ್ ದ್ರವ. ಕೋವಿಡ್ ಕಾಲದಲ್ಲಿ ಬೀದಿಗೆಲ್ಲ ಸಿಂಪಡಿಸಿದರಲ್ಲ, ಅದು. ನೂರಕ್ಕೆ ಹತ್ತರ ಶಕ್ತಿಯದಾದರೆ, ಆಗ ಹೇಳಿದ 4,400 ಲೀಟರಿಗೆ 90 ಮಿಲಿಲೀಟರಿನಷ್ಟು ಹಾಕಿದರೆ 2 ಪಿಪಿಎಂ ಏರುತ್ತದೆ. ಹಳೆಯ ಕ್ಯಾನ್ ಆದರೆ ಶಕ್ತಿ ಇಳಿದಿರುತ್ತದೆ, ತಣ್ಣಗಿನ ನೆರಳಲ್ಲಿಡಿ. ಸಂಜೆ ಹೊತ್ತು ಮುಳುಗಿದ ಮೇಲೆ ಹಾಕಿ. ಮಧ್ಯಾಹ್ನ ಹಾಕಿದರೆ ಬಿಸಿಲೇ ಒಂದೆರಡು ಗಂಟೆಯಲ್ಲಿ ಬಹುಪಾಲು ತಿಂದುಹಾಕುತ್ತದೆ.

ಬಿಸಿಲಿನಿಂದ ಕಾಪಾಡುವ ಸಯನೂರಿಕ್ ಆಸಿಡ್ ಸೇರಿರುವ ಕ್ಲೋರಿನ್ ಮಾತ್ರೆಗಳೂ ಇವೆ. ಒಳ್ಳೆಯವೇ. ಆದರೆ ಕ್ಲೋರಿನ್ ಖರ್ಚಾದರೂ ಆ ಆಸಿಡ್ ನೀರಲ್ಲೇ ಉಳಿದು ದಿನೇದಿನೇ ಜಾಸ್ತಿಯಾಗುತ್ತದೆ. ಅತಿಯಾದರೆ ಕ್ಲೋರಿನ್ನನ್ನೇ ಮಂಕು ಮಾಡುತ್ತದೆ. ಆಗ ನೀರು ಚೆಲ್ಲದೆ ಬೇರೆ ದಾರಿ ಇಲ್ಲ. ಶುರುವಿನಲ್ಲಿ ಮಾತ್ರೆ ಹಾಕಿ, ನೀರಲ್ಲಿ ಸಯನೂರಿಕ್ ಆಸಿಡ್ 30ರಿಂದ 50 ಪಿಪಿಎಂ ಮುಟ್ಟಿದ ಮೇಲೆ ದ್ರವಕ್ಕೆ ಬನ್ನಿ.

ಈ ಒಂದು ಮಾತು ದಯವಿಟ್ಟು ಗಮನವಿಟ್ಟು ಕೇಳಿ. ಮಾತ್ರೆ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ ಸೇರಿಸಬೇಡಿ. ಬೆಂಕಿ ಹತ್ತಬಹುದು, ಸಿಡಿಯಬಹುದು. ಪಿಎಚ್ ಇಳಿಸುವ ಆಸಿಡ್ ಮತ್ತು ಕ್ಲೋರಿನ್ ಒಟ್ಟಿಗೆ ಸೇರಿದರೆ ವಿಷಗಾಳಿ ಏಳುತ್ತದೆ. ಎರಡನ್ನೂ ಬೇರೆಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ.

ಮೂಗಿಗೆ ಘಾಟು ಬಡಿದರೆ ಕ್ಲೋರಿನ್ ಜಾಸ್ತಿಯಾಯಿತು ಅಂತ ಜನ ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಉಲ್ಟಾ. ಬೆವರು, ಮೂತ್ರದ ಜೊತೆ ಸೇರಿ ದಣಿದ ಕ್ಲೋರಿನ್ನಿನ ವಾಸನೆ ಅದು. ಹೊಸ ಕ್ಲೋರಿನ್ ಸಾಲುತ್ತಿಲ್ಲ ಅಂತ ಅರ್ಥ. ನಮ್ಮ ಮಕ್ಕಳ ತಲೆಯ ಕೊಬ್ಬರಿ ಎಣ್ಣೆಯೂ ಬಹಳ ಕ್ಲೋರಿನ್ ನುಂಗುತ್ತದೆ. ಶ್ರೀನಿವಾಸಪುರದ ಮಾವಿನಹಣ್ಣು ಮೊಣಕೈವರೆಗೆ ಸುರಿಸಿಕೊಂಡು ತಿಂದವರೂ ನೇರ ತೊಟ್ಟಿಗೇ ಹಾರುತ್ತಾರೆ! ಇಳಿಯುವ ಮುಂಚೆ ಎರಡು ಚೊಂಬು ನೀರು ಹಾಕಿ ತಿಕ್ಕಿ ತೊಳೆಸಿ. ಕೆಮಿಕಲ್ ಖರ್ಚು ಅಲ್ಲೇ ಇಳಿಯುತ್ತದೆ.

ಪಟಿಕ ಹಾಕಬಹುದಾ ಅಂತ ಹಿರಿಯರು ಕೇಳುತ್ತಾರೆ. ಹಾಕಬಹುದು. ಕದಡಿದ ನೀರಿನ ದೂಳು ರಾತ್ರಿ ತಳಕ್ಕೆ ಕೂರುತ್ತದೆ, ಬೆಳಗ್ಗೆ ಪೈಪಿನಿಂದ ಎಳೆದು ತೆಗೆಯಿರಿ. ಆದರೆ ಪಟಿಕ ರೋಗಾಣು ಕೊಲ್ಲುವುದಿಲ್ಲ. ಹಾಗೆಯೇ ಕ್ಲೋರಿನ್ ಫ್ಲೋರೈಡ್ ತೆಗೆಯುವುದಿಲ್ಲ. ನಮ್ಮ ಜಿಲ್ಲೆಯ ಬಹಳ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇದೆ. ತೊಟ್ಟಿ ನೀರು ಎಷ್ಟೇ ತಿಳಿಯಾಗಿದ್ದರೂ ಮಕ್ಕಳು ಕುಡಿಯದಂತೆ ನೋಡಿಕೊಳ್ಳಿ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ತೊಟ್ಟಿಯನ್ನು ಸುಮ್ನೆ ಹಾಗೇ ಬಿಡಬೇಡಿ. ಕ್ಲೋರಿನ್ ಇಲ್ಲದ ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಹತ್ತು ದಿನದೊಳಗೆ ಮರಿಯಾಗಿ ಹಾರುತ್ತದೆ. ಖಾಲಿ ಮಾಡುವ ಮುಂಚೆ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಕೆಲವು ದಿನ ಬಿಸಿಲಿಗೆ ಬಿಡಿ. ಪಟ್ಟಿ ಅದ್ದಿ, ಕ್ಲೋರಿನ್ ಸೊನ್ನೆ ತೋರಿಸಿದ ಮೇಲೆ ಆ ನೀರನ್ನು ತೆಂಗಿನ ಬುಡಕ್ಕೋ ಹೊಂಗೆ ಮರಕ್ಕೋ ಹಾಯಿಸಿ. ನಮಸ್ಕಾರ.